ಬಾಗಿ ಕೇಳುವ ಶಾಲೆ

ಕರೆದವರ ಅಂಗಳಕ್ಕೂ ಕರೆಯದವರ ಅಂಗಳಕ್ಕೂ ಬೆಳಗಿನಲ್ಲಿ ಒಂದೇ ಅಳತೆಯ ಬೆಳಕನ್ನು ಸುರಿಯುವ ಸೂರ್ಯನಾರಾಯಣನಿಗೆ ಮೊದಲ ವಂದನೆ. ಆ ಬೆಳಕನ್ನು ಮಾತಾಗಿಸಿ ಮನುಷ್ಯರ ನಾಲಗೆಯ ಮೇಲಿರಿಸಿದ ವಾಗ್ದೇವಿಗೆ ಮರುವಂದನೆ. ನನ್ನ ಕೈಹಿಡಿದು ಮರಳಿನಲ್ಲಿ ಓಂಕಾರ ಬರೆಯಿಸಿದ ಗುರುಗಳ ಪಾದಧೂಳಿಗೆ ಸಾಷ್ಟಾಂಗ. ಕಂಡದ್ದನ್ನು ಕಂಡಂತೆ ಹೇಳುವ ಬಲವನ್ನೂ ಕಾಣದುದನ್ನು ಸೇರಿಸದಿರುವ ಸಂಯಮವನ್ನೂ ಅವರು ನನಗೆ ಕರುಣಿಸಲಿ.

ನಮ್ಮ ಊರಿನಲ್ಲಿ ಕೆಲವು ಮಕ್ಕಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವ ಹೊತ್ತಿಗೆ ಶಕ್ತಿಯೂ ಮೂಡುತ್ತದೆ. ತಾಯಂದಿರು ಅದನ್ನು ಬಾವಿಕಟ್ಟೆಯ ಬಳಿ ನೆಗಡಿ ಕೆಮ್ಮುಗಳ ಸುದ್ದಿಯಂತೆಯೇ ಹಂಚಿಕೊಳ್ಳುತ್ತಾರೆ. "ನಮ್ಮ ಮಗೂಗೂ ಬಂತು ಕಣ್ರೀ" ಎಂದು ಒಬ್ಬಳೆಂದರೆ ಇನ್ನೊಬ್ಬಳು "ಏನು ಬಂತು" ಎನ್ನುತ್ತಾಳೆ. "ಗೋಡೆ ಆಚೆ ಇರೋದೆಲ್ಲ ಕಾಣಿಸುತ್ತಂತೆ." "ಅಷ್ಟೇ ತಾನೇ, ಪರವಾಗಿಲ್ಲ ಬಿಡಿ. ನಮ್ಮ ನಾದಿನಿ ಮಗನಿಗೆ ಬೆಂಕಿ ಬಂದಿತ್ತು. ಮನೇಲಿ ಒಂದು ಹಾಸಿಗೆ ಉಳೀಲಿಲ್ಲ." ಹೀಗೆ ಮಾತಾಡಿಕೊಂಡು, ವಸಂತ ಬಂದಾಗ ಮಗುವಿನ ತಲೆಗೆ ಎಣ್ಣೆ ಹಚ್ಚಿ, ಗುಡ್ಡದ ಮೇಲಿನ ಶಾಲೆಗೆ ಕರೆತಂದು ಬಿಡುತ್ತಾರೆ.

ಆ ಶಾಲೆಯನ್ನು ಕಟ್ಟಿದವರು ಹಿಂದೆ ಜಪಾನಿನಿಂದ ಹಡಗಿನಲ್ಲಿ ಬಂದು ನಮ್ಮ ತೀರದಲ್ಲಿ ಇಳಿದವರು. ಅವರ ಮೊಮ್ಮಕ್ಕಳೂ ನಮ್ಮ ಮೊಮ್ಮಕ್ಕಳೂ ಈಗ ಒಂದೇ ಬೀದಿಯಲ್ಲಿ ಆಡುತ್ತಾರೆ. ಅವರೆಕಾಳಿನ ಹುಳಿಯನ್ನು ಕಡ್ಡಿಗಳಲ್ಲಿ ಹಿಡಿದು ತಿನ್ನುವುದನ್ನು ಅವರು ಸಾಧಿಸಿದರು. ಅವರ ಹಸಿರು ಚಹಾವನ್ನು ಸಕ್ಕರೆ ಹಾಕಿ ಕೆಡಿಸುವುದನ್ನು ನಾವು ಸಾಧಿಸಿದೆವು. ನಾನು ಆ ಶಾಲೆಯಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಪಾಠ ಹೇಳುವವನು. ಗುರುವನ್ನು ಅಲ್ಲಿ ಸೆನ್ಸೈ ಎನ್ನುವುದು ರೂಢಿ; ಆದ್ದರಿಂದ ಮಕ್ಕಳ ಬಾಯಲ್ಲಿ ನಾನು ಶಾಸ್ತ್ರಿ ಸೆನ್ಸೈ.

ಶಾಲೆಯ ಶಿಸ್ತನ್ನು ಹೊರಗಿನವರು ಕ್ರೌರ್ಯವೆಂದು ತಿಳಿಯುವುದುಂಟು. ಬಾಗಿಲಲ್ಲಿ ಚಪ್ಪಲಿಗಳನ್ನು ಮರದ ಗೂಡುಗಳಲ್ಲಿ ಇರಿಸಿ, ಬಿಳಿಯ ಒಳಪಾದರಕ್ಷೆ ತೊಟ್ಟು, ಸಭಾಂಗಣಕ್ಕೆ ಬಾಗಿ ವಂದಿಸಿ ಒಳಗೆ ಬರಬೇಕು. ಜವಾನರಿಲ್ಲ, ನೆಲ ಒರೆಸುವವರು ಮಕ್ಕಳೇ. ಒದ್ದೆಬಟ್ಟೆಯ ಮೇಲೆ ಎರಡು ಕೈಯೂರಿ, ಸೊಂಟ ಎತ್ತಿ, ಸಾಲಾಗಿ ಪಡಸಾಲೆಯ ಉದ್ದಕ್ಕೂ ಓಡಬೇಕು. ಉಸಿರಿನಿಂದಲೇ ಇಡೀ ಅಂಗಳದ ಕಸವನ್ನು ಹಾರಿಸಬಲ್ಲವನು ಕಡ್ಡಿಪೊರಕೆ ಹಿಡಿಯಬೇಕು. ಹಾರುವವರು ಮೆಟ್ಟಿಲು ಹತ್ತಬೇಕು. ಬೆರಳಿನಲ್ಲಿ ಬೆಂಕಿಯಿರುವವಳು ಎಲ್ಲರಂತೆ ತಣ್ಣಗಾದ ಅನ್ನವನ್ನೇ ಉಣ್ಣಬೇಕು. ಪಕ್ಕದವನು "ಅಕ್ಕಾ, ನನ್ನ ಸಾರು ಒಸಿ ಮುಟ್ಟೇ" ಎಂದು ಪಿಸುಗುಟ್ಟಿದರೂ ಕೈ ಮಡಿಲಲ್ಲೇ ಇರಬೇಕು. ಸಂಜೆ ಎಲ್ಲರೂ ಸುತ್ತುಗಟ್ಟಿ ಕುಳಿತು, ಅಂದು ತಾವು ಎಡವಿದ್ದೆಲ್ಲಿ ಎಂಬುದನ್ನು ಒಬ್ಬೊಬ್ಬರಾಗಿ ಹೇಳಬೇಕು. ತಪ್ಪಿಗೆ ಪೆಟ್ಟಿಲ್ಲ. ಎದೆಯ ಮೇಲಿನ ಹೆಸರಿನ ಪಟ್ಟಿಗೆ ಕರಿ ನೂಲಿನ ಒಂದು ಹೊಲಿಗೆ. ಅದನ್ನು ಹಾಕಿಕೊಳ್ಳಬೇಕಾದವರು ತಪ್ಪು ಮಾಡಿದವರೇ.

ಇವೆಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು. ಕೇಳದೆ ಯಾರಿಗೂ ನೆರವಾಗಬಾರದು. ಎದುರಿನವರಿಗೆ ಸೊಂಟದವರೆಗೆ ಬಾಗಿ, "ನೆರವಾಗಲೇ" ಎಂದು ಕೇಳಿ, ಅವರ ಬಾಯಿಂದ ಹೂಂ ಎಂಬ ಮಾತು ಬರುವವರೆಗೆ ಕಾಯಬೇಕು. ಒಮ್ಮೆ ಹಿರಿಯ ವಿದ್ಯಾರ್ಥಿಯೊಬ್ಬ ಹೊಳೆಯಲ್ಲಿ ತೇಲಿಹೋಗುತ್ತಿದ್ದ ಮುದುಕಿಯನ್ನು ಆಕಾಶಕ್ಕೆತ್ತಿ ದಡದಲ್ಲಿ ಇಳಿಸಿದನಂತೆ. ಆಕೆ ದಿನವೂ ಹಾಗೆಯೇ ಈಜಿಕೊಂಡು ಮಗಳ ಮನೆಗೆ ಹೋಗುತ್ತಿದ್ದವಳು. ಊರವರೆದುರು ಒದ್ದೆ ಸೀರೆಯಲ್ಲಿ ನೇತಾಡಿಸಿದ್ದಕ್ಕೆ ಅವನ ಕೆನ್ನೆಗೆ ಬಾರಿಸಿದಳು. ನಿಯಮ ಹುಟ್ಟಿದ್ದು ಆ ಕೆನ್ನೆಯಿಂದ.

ಶಾಲೆಯ ಕೊನೆಯ ವರ್ಷದವರಿಗೆ ವಸಂತದ ಹಬ್ಬದಂದು ನೀಲಿ ಹೊದಿಕೆಯನ್ನು ಹೆಗಲಿಗೆ ಕಟ್ಟುತ್ತಾರೆ. ಅದಕ್ಕೆ ಮೊದಲು ಒಂದು ಋತುವಿಡೀ ಪ್ರತಿಯೊಬ್ಬರೂ ಊರಿನ ಒಂದು ಮನೆಯಲ್ಲಿ ಬೆಳಗಿನ ಹೊತ್ತು ಕೆಲಸ ಮಾಡಬೇಕು. ಕೊನೆಗೆ ಆ ಮನೆಯವರೇ ಹೊದಿಕೆಯ ಗಂಟು ಹಾಕಬೇಕು. ಗಂಟು ಬಿದ್ದವರ ಶಕ್ತಿ ಬಾಳಿನುದ್ದಕ್ಕೂ ಉಳಿಯುತ್ತದೆ. ಬೀಳದವರದು ಮರುದಿನದ ಬೆಳಗಿಗೆ ಎಣ್ಣೆ ತೀರಿದ ದೀಪದಂತೆ ಶಾಂತವಾಗುತ್ತದೆ. ಅದರಲ್ಲಿ ಅವಮಾನವೇನೂ ಇಲ್ಲ. ನಮ್ಮ ಉಪ್ಪಿನ ವ್ಯಾಪಾರಿ ಒಂದು ಕಾಲದಲ್ಲಿ ಗಿಡುಗಗಳ ಜೊತೆ ಹಾರುತ್ತಿದ್ದವನು. ಈಗ ಗುಡ್ಡ ಹತ್ತುವಾಗ ಏದುಸಿರು ಬಿಡುತ್ತಾನೆ, ಒಮ್ಮೊಮ್ಮೆ ನಿಂತು ಮೇಲೆ ನೋಡುತ್ತಾನೆ, ಅಷ್ಟೆ.

ಆ ವರ್ಷದ ತಂಡದಲ್ಲಿ ಹೈಮವತಿ ಎಂಬ ಹುಡುಗಿಯಿದ್ದಳು. ಹೊದಿಕೆಗಳಿಗೆ ನೀಲಿ ಅದ್ದುವ ಬಣ್ಣಗಾರ್ತಿ ರೇವಮ್ಮನ ಮಗಳು. ಅವಳಿಗೆ ಬಂದಿದ್ದದ್ದು ವೇಗ. ಓಡಿದರೆ ಕಣ್ಣಿಗೆ ಕಾಣುತ್ತಿರಲಿಲ್ಲ. ಗಾಳಿ ಬಂದು ಹೋದದ್ದು ಮಾತ್ರ ತಿಳಿಯುತ್ತಿತ್ತು. ಆದರೂ ನೆಲ ಒರೆಸುವ ಸಾಲಿನಲ್ಲಿ ಅತ್ಯಂತ ನಿಧಾನದ ಮಗುವಿನ ಪಕ್ಕದಲ್ಲಿ, ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದಳು. ಅವಳ ಎದೆಯ ಪಟ್ಟಿಯ ಮೇಲೆ ಶಾಲೆಗೆ ಸೇರಿದ ದಿನದಿಂದ ಒಂದೇ ಒಂದು ಕರಿ ನೂಲು ಬಿದ್ದಿರಲಿಲ್ಲ. ಶಿಸ್ತಿನ ಉಪಾಧ್ಯಾಯರಾದ ಕುರೋದಾ ಇಸಾಮು ಎಂಬುವರು ಹೊಸ ಮಕ್ಕಳಿಗೆ ಆ ಪಟ್ಟಿಯನ್ನೇ ತೋರಿಸುತ್ತಿದ್ದರು.

ಅವಳ ಪಾಲಿಗೆ ಬಂದ ಮನೆ ಸೂರ್ಯನಾರಾಯಣನ ಗುಡಿಯ ಅರ್ಚಕರಾದ ಶಿಂಗಾಭಟ್ಟರದು. ಭಟ್ಟರು ಒಳ್ಳೆಯ ಮಾತುಗಾರರು. ಆದರೆ ಬೆಳಗಿನಿಂದ ನಡುಹಗಲಿನ ಪೂಜೆಯ ಗಂಟೆಯವರೆಗೆ ಮೌನವ್ರತ. ಆ ವ್ರತ ಮುರಿದದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಹುಡುಗಿ ಹೂ ಬಿಡಿಸುತ್ತಿದ್ದಳು, ಗಂಧ ತೇಯುತ್ತಿದ್ದಳು. ಗಂಟೆಯಾದ ಮೇಲೆ ಭಟ್ಟರು ಒಳಗೆ ಕೂಡಿಟ್ಟಿದ್ದ ಮಾತನ್ನೆಲ್ಲ ಅವಳ ಮೇಲೆ ಸುರಿಯುತ್ತಿದ್ದರು. ಇಬ್ಬರಿಗೂ ಹೊಂದಿಕೆಯಾಗಿತ್ತು.

ಒಂದು ಬೆಳಗ್ಗೆ ನಾನು ದರ್ಶನಕ್ಕೆಂದು ಗುಡಿಯ ಅಂಗಳಕ್ಕೆ ಕಾಲಿಟ್ಟಾಗ ಕಂಡ ನೋಟ ಇದು. ಬಾಗಿಲ ಮೇಲಿನ ದೀಪದ ಗೂಡಿಗೆ ಒರಗಿಸಿದ್ದ ಏಣಿ ಅಡ್ಡಬಿದ್ದಿತ್ತು. ಭಟ್ಟರು ಕಲ್ಲುಹಾಸಿನ ಮೇಲೆ ತೊಡೆ ಮುರಿದುಕೊಂಡು ಬಿದ್ದಿದ್ದರು. ಬಾಯಿಂದ ನರಳಿಕೆಯೂ ಇರಲಿಲ್ಲ. ಅಂಗಳದ ಈ ಬದಿಯಲ್ಲಿ ಹೈಮವತಿ ಸೊಂಟದವರೆಗೆ ಬಾಗಿ ನಿಂತಿದ್ದಳು. ಆಮೇಲೆ ತಿಳಿದಂತೆ, ಏಣಿ ಜಾರತೊಡಗಿದಾಗ ಅವಳು ನಿಯಮದಂತೆ ಬಾಗಿ ಕೇಳಿದ್ದಳು. ಭಟ್ಟರು ವ್ರತದಂತೆ ಬಾಯಿ ತೆರೆದಿರಲಿಲ್ಲ. ಅವರು ಬಿದ್ದಾದ ಮೇಲೂ ಅವಳು ಉತ್ತರಕ್ಕಾಗಿ ಬಾಗಿಯೇ ಇದ್ದಳು. ನಾನು ಹೆಗಲು ಮುಟ್ಟಿದಾಗ ನೆಟ್ಟಗಾದಳು. ಆ ಮುಖದಲ್ಲಿ ಅಳುವಿರಲಿಲ್ಲ, ಏನೂ ಇರಲಿಲ್ಲ.

ವೈದ್ಯರು ಬಿದಿರಿನ ದಬ್ಬೆ ಕಟ್ಟಿದರು. ಮೂಳೆ ಕೂಡಿದರೂ ಊರುಗೋಲು ತಪ್ಪದು ಎಂದರು. ಊರು ತನ್ನ ಮಾತನ್ನು ಆಡಿತು. ಶಾಲೆಯ ಮಕ್ಕಳು ಸಂತೆಯಲ್ಲಿ ಹಾದುಹೋದರೆ ಮೀನಿನವರು ಸೊಂಟ ಬಾಗಿಸಿ, "ಸ್ವಾಮೀ, ಮುಳುಗ್ತಾ ಇದ್ದೀರಿ, ಎತ್ತಲಾ ಬೇಡವಾ, ಸಾವಕಾಶ ಯೋಚನೆ ಮಾಡಿ ಹೇಳಿ" ಎಂದು ನಗುತ್ತಿದ್ದರು. ಮಕ್ಕಳು ನೆಲ ನೋಡಿಕೊಂಡು ನಡೆಯುತ್ತಿದ್ದರು.

ಶಾಲೆಯೊಳಗೆ ಮಾತು ಬೇರೆಯಾಗಿತ್ತು. ಕುರೋದಾ ಅವರು ಮೀನುಪೇಟೆಯಲ್ಲಿ ಹುಟ್ಟಿ ಬೆಳೆದವರು, ನಮ್ಮಂತೆಯೇ ಮಾತಾಡುವವರು. ನನ್ನನ್ನು ಪಡಸಾಲೆಯಲ್ಲಿ ತಡೆದು, "ನೋಡಿ ಶಾಸ್ತ್ರಿಗಳೇ, ಭಟ್ಟರಿಗೆ ಹೀಗಾಗಿದ್ದು ನನಗೂ ಸಂಕಟ. ಆದ್ರೆ ನಿಯಮ ಅಂದ್ರೆ ಇದು. ಎಷ್ಟು ಹೇಳ್ಕೊಟ್ರೂ ಗಾಬರೀಲಿ ಮಕ್ಕಳು ಮರೀತಾರೆ. ಇವಳು ಮರೀಲಿಲ್ಲ. ಈ ಸಲ ಮೊದಲನೇ ಹೊದಿಕೆ ಇವಳದೇ" ಎಂದರು. ಅವರಲ್ಲಿ ಕಪಟವಿರಲಿಲ್ಲ, ತಾವು ಕಲಿಸಿದ್ದನ್ನು ಒಂದು ಮಗು ಕಲಿತಿತೆಂಬ ಗುರುವಿನ ಸಂತೋಷ ಅದು.

ಆ ಸಂಜೆ ಎಲ್ಲರೂ ಸುತ್ತುಗಟ್ಟಿ ಕುಳಿತಿದ್ದಾಗ ಹೈಮವತಿಯ ಸರದಿ ಬಂತು. ಅವಳು "ನನಗೆ ಹೊದಿಕೆ ಬೇಡ" ಎಂದಳು. ಯಾರು ಕೇಳಿದರೂ ಕಾರಣ ಹೇಳಲಿಲ್ಲ.

ಹಬ್ಬ ಹತ್ತಿರವಾಗುತ್ತಿತ್ತು. ರೇವಮ್ಮ ನನ್ನ ಮನೆಗೆ ಬಂದಳು. ಮೊಣಕೈವರೆಗೆ ನೀಲಿ ಹತ್ತಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜಗಲಿಯ ಮೇಲೆ ಕುಳಿತಳು. "ಬುದ್ಧೀ, ಎಲ್ಲರ ಮಕ್ಕಳ ಬಟ್ಟೆಗೂ ಬಣ್ಣ ಹಾಕಿದೆ. ಅವಳದೊಂದು ಬಿಳೀದೇ ಉಳಿದಿದೆ. ಅದ್ದಲಾ ಅಂದ್ರೆ ಬೇಡ ಅಂತಾಳೆ. ಕಣ್ಣು ಮಿಟುಕಿಸೋದ್ರಲ್ಲಿ ಹೊಳೇಗೆ ಹೋಗಿ ಬರ್ತಿದ್ದ ಹುಡುಗಿ, ಈಗ ಒಲೆ ಹತ್ರ ಹಾಲು ಉಕ್ತಿದ್ರೂ ಎದ್ದೇಳೋದಿಲ್ಲ. ಕೂತು ನೋಡ್ತಾಳೆ."

"ನೀನೇನೆಂದೆ?"

"ಬೈದೆ. ಬೈದ್ರೆ ಸಮಾಧಾನ ಆದ ಹಾಗೆ ತಲೆ ಆಡಿಸ್ತಾಳೆ. ಅದು ಕಂಡ್ರೆ ಇನ್ನೂ ಭಯ ಆಗುತ್ತೆ ನನಗೆ. ಶಕ್ತಿ ಹೋದ್ರೆ ಹೋಗ್ಲಿ ಬುದ್ಧೀ, ನಾನೇನು ಶಕ್ತಿ ಇಟ್ಕೊಂಡು ಹುಟ್ಟಿದ್ನಾ. ಆದ್ರೆ ತಾನೇ ಬೇಡ ಅಂತ ಬಿಸಾಕಿದ್ದಕ್ಕೆ ಆಮೇಲೆ ಬಾಳೆಲ್ಲ ಕೊರಗ್ತಾಳೆ. ಅದನ್ನ ನೋಡೋಳು ನಾನು ತಾನೇ."

ನಾನು ಮರುದಿನ ಮುಖ್ಯೋಪಾಧ್ಯಾಯಿನಿ ಹಿರಾಯಾಮ ತೋಮೆ ಅವರನ್ನು ಕಂಡೆ. ಕುಳ್ಳಗಿನ ದೇಹ, ಬೆಳ್ಳಗಿನ ಕೂದಲು, ನೆಟ್ಟಗಿನ ಬೆನ್ನು. ಕನ್ನಡವನ್ನು ಗ್ರಂಥಗಳಿಂದ ಕಲಿತವರಾದ್ದರಿಂದ ಒಂದೊಂದು ಮಾತನ್ನೂ ಒರೆಸಿ ಇರಿಸಿದಂತೆ ಆಡುತ್ತಿದ್ದರು. ಎಲ್ಲವನ್ನೂ ಕೇಳಿ, "ಮಧ್ಯಾಹ್ನ ಸಭೆ ಸೇರೋಣ. ಭಟ್ಟರನ್ನೂ ಕರೆಯಿರಿ" ಎಂದರು.

ಭಾರ ಎತ್ತುವ ಶಕ್ತಿಯ ಹುಡುಗಿಯೊಬ್ಬಳನ್ನು ಗುಡಿಗೆ ಕಳುಹಿಸಿದೆವು. ಅವಳು ಬಾಗಿ, "ಕುರ್ಚಿ ಸಮೇತ ಎತ್ತಿಕೊಂಡು ಹೋಗಲೇ" ಎಂದು ಕೇಳಿದಳಂತೆ. ಭಟ್ಟರು, "ಎತ್ತು ತಾಯಿ, ಇಲ್ಲಾಂದ್ರೆ ನಾನೇನು ಕುಣ್ಕೊಂಡು ಬರ್ತೀನಾ" ಎಂದರಂತೆ. ಹಾಗೆ ಅವರು ಮೆರವಣಿಗೆಯ ದೇವರಂತೆ ಚಾಪೆ ಹಾಸಿದ ಕೋಣೆಗೆ ಬಂದಿಳಿದರು. ಹೈಮವತಿ ಮಂಡಿಯೂರಿ ಕುಳಿತಿದ್ದಳು, ಅವರತ್ತ ನೋಡಲಿಲ್ಲ.

ಮುಖ್ಯೋಪಾಧ್ಯಾಯಿನಿ ಮೊದಲು ನನ್ನ ಅಭಿಪ್ರಾಯ ಕೇಳಿದರು. ನಾನು ರೇವಮ್ಮ ಬಂದುಹೋದ ರಾತ್ರಿಯಿಡೀ ಪುಸ್ತಕ ತಿರುವಿ ಸಿದ್ಧನಾಗಿದ್ದೆ. "ಕರೆ ಎಂಬುದಕ್ಕೆ ಬಾಯಿಯೇ ಬೇಕೆಂದು ಶಾಸ್ತ್ರದಲ್ಲಿ ಎಲ್ಲಿಯೂ ಹೇಳಿಲ್ಲ. ಜಾರುತ್ತಿರುವ ದೇಹವೇ ಒಂದು ಕರೆ" ಎಂದೆ.

"ಬಾಯಿ ಬೇಡ ಅಂತ ಎಲ್ಲಿ ಹೇಳಿದೆ ಶಾಸ್ತ್ರಿಗಳೇ" ಎಂದರು ಕುರೋದಾ.

ಭಟ್ಟರು ಕುರ್ಚಿಯಲ್ಲಿ ಕಿಸಕ್ಕನೆ ನಕ್ಕು, ತೊಡೆ ನೋವೆದ್ದು ಮುಖ ಹಿಂಡಿದರು.

ಮುಖ್ಯೋಪಾಧ್ಯಾಯಿನಿ ಹುಡುಗಿಯ ಕಡೆಗೆ ತಿರುಗಿದರು. "ಹೈಮವತಿ, ನೀನು ನಿಯಮವನ್ನು ಮುರಿಯಲಿಲ್ಲ. ಆದರೂ ಹೊದಿಕೆ ಬೇಡವೆನ್ನುತ್ತೀ. ಏಕೆ?"

ಅವಳು ಚಾಪೆ ನೋಡುತ್ತ ಹೇಳಿದಳು. "ಬೀಳೋದೆಲ್ಲ ನನಗೆ ತುಂಬ ನಿಧಾನವಾಗಿ ಕಾಣುತ್ತೆ, ಸೆನ್ಸೈ. ಏಣಿ ಒಂದು ಬೆರಳು ಜಾರಿತು. ಆಮೇಲೆ ಇನ್ನೊಂದು ಬೆರಳು. ಭಟ್ಟರು ಗೋಡೆ ಹಿಡಿಯೋಕೆ ನೋಡಿದ್ರು. ಅಷ್ಟು ಹೊತ್ತಲ್ಲಿ ನಾನು ಹೋಗಿ ಹಿಡಿದು, ಏಣಿನೂ ಎತ್ತಿಟ್ಟು ವಾಪಸ್ ಬರಬಹುದಿತ್ತು. ಬೇಡ ಅಂತಾರೇನೋ ಅಂತ ಕಾದಿದ್ದಲ್ಲ. ಬೇಕು ಅಂತ ನಾನು ಬಾಗೋಕೆ ಮೊದಲೇ ಅವರ ಕಣ್ಣಲ್ಲಿ ಕಂಡಿತ್ತು."

"ಮತ್ತೇಕೆ ಕಾದೆ?"

"ಕರಿ ನೂಲು ಬೀಳುತ್ತೆ ಅಂತ." ಅವಳು ಎದೆಯ ಪಟ್ಟಿಯನ್ನು ಮುಟ್ಟಿಕೊಂಡಳು. "ಬಾಗಿದ್ದು ಅವರಿಗಲ್ಲ. ಇದಕ್ಕೆ."

ಕುರೋದಾ ತಲೆ ತಗ್ಗಿಸಿದರು. ಹೊರಗೆ ಸಣ್ಣ ಮಕ್ಕಳು ನೆಲ ಒರೆಸುತ್ತ ಓಡುವ ಸದ್ದು ಕೇಳುತ್ತಿತ್ತು.

ಭಟ್ಟರು ಗಂಟಲು ಸರಿಮಾಡಿಕೊಂಡರು. "ಇಲ್ಲಿ ನೋಡು ಹುಡುಗಿ. ನಿನ್ನ ದನಿ ನನಗೆ ಕೇಳಿಸ್ತು. ಹೂಂ ಅನ್ನೋದಕ್ಕೆ ಎಷ್ಟು ಹೊತ್ತು ಬೇಕು? ಅನ್ನಲಿಲ್ಲ. ದೇವರಿಗೆ ಕೋಪ ಬರುತ್ತೆ ಅಂತಲ್ಲ. ಭಟ್ಟರು ಮೌನ ಮುರಿದ್ರಂತೆ ಅಂತ ಈ ಶಾಸ್ತ್ರಿ ಊರೆಲ್ಲ ಹೇಳ್ಕೊಂಡು ಬರ್ತಾನಲ್ಲ, ಅದಕ್ಕೆ. ನಿನಗೆ ಎದೆ ಮೇಲೆ ಪಟ್ಟಿ, ನನಗೆ ಮೂತಿ ಮೇಲೆ. ತೊಡೆ ಮುರಿದಿದ್ದು ಇಬ್ಬರೂ ಸೇರಿ."

"ನಾನು ಯಾಕೆ ಹೇಳ್ತಿದ್ದೆ" ಎಂದೆ ನಾನು.

"ಹೇಳ್ತಿದ್ದೆ ಕಣಯ್ಯ, ಸುಮ್ನಿರು" ಎಂದರು. ಹೇಳುತ್ತಿದ್ದೆನೇನೋ.

ಮುಖ್ಯೋಪಾಧ್ಯಾಯಿನಿ ಎಲ್ಲರಿಗೂ ತಾವೇ ಚಹಾ ಬಗ್ಗಿಸಿದರು. ಬಟ್ಟಲುಗಳು ಬರಿದಾದ ಬಳಿಕ ಹೇಳಿದರು. "ನಿಯಮವನ್ನು ನಾನು ತೆಗೆದುಹಾಕುವುದಿಲ್ಲ. ಕೇಳದೆ ಬರುವ ಬಲ ದೌರ್ಜನ್ಯವೂ ಆಗಬಲ್ಲದು. ಆದರೆ ಇನ್ನು ಹೀಗಿರಲಿ. ಕಾಯಲು ಸಮಯವಿದ್ದರೆ ಬಾಗಿ ಕೇಳಬೇಕು. ಸಮಯವಿಲ್ಲವೆಂದು ತೋರಿದರೆ ಮೊದಲು ಹಿಡಿಯಬೇಕು, ಅನಂತರ ಬಾಗಬೇಕು. ಹಿಡಿಯಲ್ಪಟ್ಟವರು ಏನು ಹೇಳುತ್ತಾರೋ ಅದನ್ನು ಅವರು ಮುಗಿಸುವವರೆಗೆ ತಲೆಯೆತ್ತದೆ, ಮರುನುಡಿಯದೆ ಕೇಳಬೇಕು. ಕರಿ ನೂಲೂ ಬೀಳುತ್ತದೆ."

"ಸರಿಯಾಗೇ ಹಿಡಿದಿದ್ರೂ ನೂಲಾ" ಎಂದರು ಕುರೋದಾ.

"ಸರಿಯಾಗಿ ಹಿಡಿದಿದ್ದರೂ. ನೂಲಿಗೆ ಹೆದರುವವರು ಅದನ್ನು ತೊಟ್ಟೇ ಅಭ್ಯಾಸ ಮಾಡಿಕೊಳ್ಳಬೇಕು." ಅವರು ಹುಡುಗಿಯನ್ನು ನೋಡಿದರು. "ತಪ್ಪಾಗಿಯೂ ಹಿಡಿದೀಯೆ. ಜನ ಬೈದಾರು. ಅದನ್ನು ಹೊರಬಲ್ಲೆಯಾ?"

"ಗೊತ್ತಿಲ್ಲ ಸೆನ್ಸೈ."

"ಹಬ್ಬದ ದಿನ ಬಾ. ಗೊತ್ತಾಗಿದ್ದರೆ ಹೊದಿಕೆ. ಗೊತ್ತಾಗದಿದ್ದರೆ ಚಹಾ."

ಹಬ್ಬದ ದಿನ ಹೊಂಗೆಯ ಹೂ ಅಂಗಳದ ತುಂಬ ಉದುರಿತ್ತು. ಶಾಲೆ ಬಿಡುವವರಿಗೂ ಹೊಸದಾಗಿ ಸೇರುವವರಿಗೂ ಒಂದೇ ದಿನ. ಹಿರಿಯರು ಸಭಾಂಗಣದಲ್ಲಿ ಸಾಲಾಗಿ ನಿಂತಿದ್ದರು. ತೆರೆದ ಬಾಗಿಲಿನಾಚೆ ಕಲ್ಲಿನ ಮೆಟ್ಟಿಲುಗಳ ಮೇಲೆ ಹೊಸ ಮಕ್ಕಳ ಮನೆಯವರು ನೆರೆದಿದ್ದರು. ಒಂದೊಂದೇ ಹೆಸರು ಕರೆದಂತೆ ಒಂದೊಂದೇ ನೀಲಿ ಗಂಟು ಬಿತ್ತು. ಹೈಮವತಿ ಕಂಬಕ್ಕೊರಗಿ ನಿಂತಿದ್ದಳು. ರೇವಮ್ಮ ಕೊನೆಗೂ ಕೇಳದೆಯೇ ಬಣ್ಣ ಅದ್ದಿದ್ದಳು. ಇನ್ನೂ ಸ್ವಲ್ಪ ಒದ್ದೆಯಿದ್ದ ಹೊದಿಕೆ ಊರುಗೋಲಿನ ಮೇಲೆ ಬಾಗಿದ್ದ ಭಟ್ಟರ ತೋಳಿನಲ್ಲಿತ್ತು. ನಡುಹಗಲು ಆಗಲೇ ಕಳೆದಿತ್ತು. ಆದರೂ ಅವರು ಮಾತಾಡುತ್ತಿರಲಿಲ್ಲ. ಕೊನೆಗೆ ಅವಳ ಹೆಸರನ್ನು ಕರೆದರು. ಅವಳು ಕದಲಲಿಲ್ಲ. ಎರಡನೆಯ ಸಲ ಕರೆದರು. ರೇವಮ್ಮ ನೆಲ ನೋಡಿದಳು.

ಆಗ ಕಂಬದ ಬಳಿ ಹುಡುಗಿ ಇರಲಿಲ್ಲ, ಬರಿಯ ಬಿಳಿಯ ಪಾದರಕ್ಷೆಗಳೆರಡು ಕಂಡವು. ಗಾಳಿ ಬೀಸಿ ಹೊಂಗೆಯ ಹೂಗಳೆಲ್ಲ ಸಭಾಂಗಣದೊಳಕ್ಕೆ ಬಂದವು. ನಾವು ತಿರುಗಿ ನೋಡಿದಾಗ ಹೈಮವತಿ ಮೆಟ್ಟಿಲ ಅಂಚಿನಲ್ಲಿ ಒಬ್ಬ ಅಜ್ಜಿಯನ್ನು ಎರಡೂ ತೋಳುಗಳಲ್ಲಿ ಅವುಚಿ ಹಿಡಿದಿದ್ದಳು. ಅಜ್ಜಿಯ ಕೈಯಲ್ಲಿ ಒಂದು ಚಪ್ಪಲಿಯಿತ್ತು.

ಅಜ್ಜಿಯ ಹೆಸರು ಸಾಕವ್ವ; ಮೊಮ್ಮಗಳನ್ನು ಸೇರಿಸಲು ಬಂದವಳು. ಅವಳು ಬೀಳುತ್ತಿರಲಿಲ್ಲ. ಒಳಗೆ ಬರುವ ಮುನ್ನ ಚಪ್ಪಲಿ ಬಿಡಲು ಬಗ್ಗಿದ್ದಳು, ಅಷ್ಟೆ.

"ಯಾವಳೇ ನೀನು" ಎಂದಳು ಸಾಕವ್ವ. "ಬಿಡೇ ನನ್ನ. ಪಕ್ಕೆಲುಬು ಮುರಿದಾಕ್ತೀಯಾ? ಹೊಸಾ ಸೀರೆ, ಪೆಟ್ಟಿಗೆಯಿಂದ ತೆಗೆದು ಇವತ್ತೇ ಉಟ್ಟಿದ್ದು, ನೆರಿಗೆಯೆಲ್ಲ ಕಿತ್ತೋಯ್ತು."

ಹೈಮವತಿ ಅವಳನ್ನು ಬಿಟ್ಟು, ಬರಿಗಾಲಲ್ಲಿ ಹಿಂದೆ ಸರಿದು, ಸೊಂಟದವರೆಗೆ ಬಾಗಿದಳು.

"ಚಪ್ಪಲಿ ಬಿಡೋಕೂ ಬರಲ್ಲ ಅಂದ್ಕೊಂಡ್ಯಾ ನನಗೆ? ನಾಲ್ಕು ಮಕ್ಕಳ ಹೆತ್ತೋಳು ನಾನು. ಎಲ್ಲರ ಎದುರಿಗೆ ಕೂಸು ಎತ್ತಿದ ಹಾಗೆ ಎತ್ತಿದಳಲ್ಲ. ಏನೇ, ಬಾಯಿಲ್ವಾ? ಯಾಕೆ ಸುಮ್ನಿದ್ದೀಯ?"

"ಅವಳು ಮಾತಾಡೋ ಹಾಗಿಲ್ಲಮ್ಮ" ಎಂದರು ಕುರೋದಾ ಬಾಗಿಲಿನಿಂದ. "ನೀವು ಮುಗಿಸೋವರೆಗೂ ಕೇಳಬೇಕು. ನಿಯಮ."

"ಓ, ಹಾಗಾ. ಹಾಗಾದ್ರೆ ಇನ್ನೂ ಇದೆ" ಎಂದಳು ಸಾಕವ್ವ. ಚಪ್ಪಲಿಯನ್ನು ಕೆಳಗಿರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದುವರಿಸಿದಳು. ಸೀರೆಯಿಂದ ಹೊರಟ ಬೈಗುಳ ಈಗಿನ ಮಕ್ಕಳ ಅವಸರಕ್ಕೆ ಹೋಗಿ, ಅಲ್ಲಿಂದ ಇಂಥ ಮಕ್ಕಳನ್ನು ಬೆಳೆಸಿದ ತಾಯಂದಿರಿಗೆ ಬಂತು; ರೇವಮ್ಮ ನೀಲಿ ಕೈಗಳಿಂದ ಬಾಯಿ ಮುಚ್ಚಿಕೊಂಡು ನಗುತ್ತಲೋ ಅಳುತ್ತಲೋ ಇದ್ದಳು. ಮುಖ್ಯೋಪಾಧ್ಯಾಯಿನಿ ಕೈಕಟ್ಟಿ ಕಾದರು. ಇಡೀ ಸಭೆ ಕಾದಿತು. ಬೈಗುಳ ಮುಗಿಯುವ ಹೊತ್ತಿಗೆ ಬಾಗಿದ ಹುಡುಗಿ ಹಸಿವಾದ ಮಗು ತುತ್ತಿಗೆ ಕಾಯುವಂತೆ ಕಿವಿಗೊಟ್ಟು ಕೇಳುತ್ತಿದ್ದಳು.

"ಮುಗೀತು" ಎಂದಳು ಸಾಕವ್ವ, ಉಸಿರು ಬಿಟ್ಟು.

ಹೈಮವತಿ ತಲೆಯೆತ್ತಿದಳು. ಭಟ್ಟರು ಬಿದ್ದ ದಿನದಿಂದ ಆ ಮುಖದಲ್ಲಿ ನಾನು ಕಾಣದಿದ್ದ ಜೀವ ಅಲ್ಲಿ ಕೆಂಪಗೆ ತುಂಬಿತ್ತು. ಕುರೋದಾ ಸೂಜಿಯನ್ನೂ ಕರಿ ನೂಲನ್ನೂ ಚಾಚಿದರು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಎದೆಯ ಪಟ್ಟಿಗೆ ಮೊದಲ ಹೊಲಿಗೆ ಹಾಕಿದಳು; ಅಭ್ಯಾಸವಿಲ್ಲದ್ದರಿಂದ ಸೊಟ್ಟಗೆ ಬಂತು. "ಗೊತ್ತಾಯ್ತು, ಸೆನ್ಸೈ" ಎಂದಳು. ಭಟ್ಟರು ಕುಂಟುತ್ತ ಬಂದು, ಊರುಗೋಲನ್ನು ನನ್ನ ಕೈಗೆ ಕೊಟ್ಟು, ಒದ್ದೆ ಹೊದಿಕೆಯನ್ನು ಅವಳ ಹೆಗಲಿಗೆ ಹಾಕಿ ಬಿಗಿಯಾಗಿ ಗಂಟು ಬಿಗಿದರು.

ಸಾಕವ್ವ ನೆರಿಗೆ ಸರಿಮಾಡಿಕೊಳ್ಳುತ್ತ ಅದನ್ನೆಲ್ಲ ನೋಡುತ್ತಿದ್ದಳು. ಮೊಮ್ಮಗಳ ಕೈಹಿಡಿದು ಒಳಗೆ ಹೋಗುವಾಗ ಹುಡುಗಿಯ ಬಳಿ ನಿಂತಳು. "ಮಳೆಗಾಲಕ್ಕೆ ಈ ಮೆಟ್ಟಿಲು ಪಾಚಿ ಕಟ್ಟುತ್ತೆ. ನಾನು ನಿಜವಾಗ್ಲೂ ಜಾರ್ತೀನಿ" ಎಂದಳು. "ಆಗ ಹಿಡಿ. ಬೈತೀನಿ. ಆದ್ರೂ ಹಿಡಿ."

ಈ ಕಥೆಯನ್ನು ಓದಿದವರಿಗೂ ಓದಿಸಿ ಕೇಳಿದವರಿಗೂ, ನಡುವೆ ನಿದ್ದೆಹೋದವರಿಗೂ ಶುಭವಾಗಲಿ. ಅವರ ಮನೆಯ ಮಕ್ಕಳು ಬಲವುಳ್ಳವರಾಗಲಿ, ಆ ಬಲಕ್ಕೆ ವಿನಯ ಒದಗಲಿ, ವಿನಯಕ್ಕೆ ಧೈರ್ಯ ಒದಗಲಿ. ಕೇಳುವವರಿಗೆ ಉತ್ತರವೂ ಉತ್ತರಿಸಲಾರದವರಿಗೆ ಆಸರೆಯೂ ದೊರೆಯಲಿ. ಎಲ್ಲ ಊರುಗಳಲ್ಲಿಯೂ ಮಳೆ ಹೊತ್ತಿಗೆ ಬರಲಿ, ಎಲ್ಲ ಜೀವಗಳೂ ಸುಖವಾಗಿರಲಿ.